ಮೊಸಳೆಮರಿಯ ಅವ್ವ

ಬಿಸಿಲಿಗೆ ಕಾದ ತಾಡಪತ್ರಿಯ ವಾಸನೆ ಬಂದು, ನರಗುಂದದ ಟೂರಿಂಗ್ ಟಾಕೀಸು ನೆನಪಾಯಿತು. ಅವ್ವ ತೀರಿಕೊಂಡ ಮೇಲೆ ನಾನು ಅಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ.

ದೈತ್ಯ ಮೊಸಳೆಯ ಇಂಗ್ಲಿಷ್ ಸಿನಿಮಾಕ್ಕೆ ಮುಗಿಬಿದ್ದಿದ್ದ ಜನ ಅದರ ಎರಡನೆಯ ಭಾಗ ಬಂದಾಗ ಬೈದರು. "ಊರು ಕೆಡವೂದು ಬಿಟ್ಟು, ಮರಿ ಅವ್ವನ್ನ ಹುಡುಕ್ಕೋಂತ ಅಳಾಕತ್ತೈತಲ್ಲೋ!" ಎನ್ನುತ್ತ ಎಲ್ಲರೂ ಎದ್ದು ಹೋದರು. ನಾನೊಬ್ಬಳೇ ಕುಳಿತಿದ್ದೆ. ಮಾಲೀಕ ಮಷೀನು ನಿಲ್ಲಿಸಿಬಿಟ್ಟ.

ಆ ಸಿನಿಮಾದ ಕಥೆಯನ್ನು ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತ ಊರೂರು ತಿರುಗುತ್ತಿದ್ದ ಕಾಕಾ ನನ್ನ ಪಕ್ಕ ಬಂದು ಕುಳಿತರು.

"ಮುಂದ ಏನಾಗ್ತೈತ್ರಿ ಕಾಕಾ?" ಎಂದೆ.

ಅವರು ವೈರು ಸುತ್ತುತ್ತಲೇ ಹೇಳಿದರು: "ಅವ್ವ ಬರ್ತಾಳ, ತಂಗಿ. ಹುಡುಕ್ಕೊಂಡು ಬಂದ ಬರ್ತಾಳ."

ಇವತ್ತು ಆ ಸಿನಿಮಾ ಫೋನಿನಲ್ಲಿ ಸಿಕ್ಕಿತು. ಕೊನೆಯವರೆಗೂ ನೋಡಿದೆ. ಮರಿಯ ಅವ್ವ ಬರಲೇ ಇಲ್ಲ.

ಕಾಕಾ ಆ ಕೊನೆಯನ್ನು ಎಷ್ಟು ಊರುಗಳಲ್ಲಿ ನೋಡಿದ್ದರೋ ಏನೋ.