ಇಸಿದೋರ್ ಕತ್ತರಿಸಿದ ಕರವಸ್ತ್ರ

ಜೆಪ್ಪುವಿನ ಇಸಿದೋರನ ಮ್ಯಾಜಿಕ್ ಉಂಟೆಂದರೆ ಬಂದರಿನ ಒಣಮೀನು ವ್ಯಾಪಾರಿ ಅಲಿಯಬ್ಬ ನಾಲ್ಕು ಗಂಟೆಗೇ ಅಂಗಡಿ ಮುಚ್ಚಿ, ಹೊಸ ಕರವಸ್ತ್ರವೊಂದನ್ನು ಕಿಸೆಗಿಟ್ಟು ಹೊರಡುತ್ತಿದ್ದ.

ಇಸಿದೋರ್ ಹಂಚಿನ ಕಾರ್ಖಾನೆಯ ಗುಮಾಸ್ತ. ಇಗರ್ಜಿಯ ಹಬ್ಬಕ್ಕೆ, ಮದುವೆ ಮನೆಗಳಿಗೆ ಮಾತ್ರ ಉದ್ದ ಕೋಟಿನ ಜಾದೂಗಾರ. ಸಭಿಕರೊಬ್ಬರ ಕರವಸ್ತ್ರ ಪಡೆದು, ಎರಡಾಗಿ ಕತ್ತರಿಸಿ, ಮಂತ್ರ ಹೇಳಿ ಜಂಬದಿಂದ ಬಿಡಿಸಿದರೆ ಎರಡು ತುಂಡು ಎರಡಾಗಿಯೇ ಇರುತ್ತಿತ್ತು. ಆಗ ಕತ್ತರಿಗೆ ಬೈಯುತ್ತಿದ್ದ, ಮೇಜಿನಡಿ ಹುಡುಕುತ್ತಿದ್ದ, ಕೊನೆಗೆ “ಒಂದು ಕೊಟ್ಟಿರಿ, ಎರಡು ಕೊಂಡುಹೋಗಿ. ಇನ್ನೆಂತ ಬೇಕು?” ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಆ ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದವರು ಕದ್ರಿ, ಬಿಜೈಯಲ್ಲೂ ಇದ್ದರು.

ಅಲಿಯಬ್ಬನ ಕರವಸ್ತ್ರ ಮಾತ್ರ ಹನ್ನೆರಡು ವರ್ಷವಾದರೂ ವೇದಿಕೆ ಹತ್ತಿರಲಿಲ್ಲ. ಅವನು “ತಗೊ ಪೊರ್ಬು” ಎಂದು ಚಾಚಿದಾಗಲೆಲ್ಲ ಇಸಿದೋರ್ ತಳ್ಳಿಬಿಡುತ್ತಿದ್ದ.

“ನಿನ್ನದು ಬೇಡ ಬ್ಯಾರಿ. ಮಂತ್ರ ಮುಗಿಯುವ ಮೊದಲೇ ಬೆಕ್ಕು ಬರ್ತದೆ.”

೧೯೬೨ರಲ್ಲಿ ಊರಿಗೆ ಬಂದ ದೊಡ್ಡ ಜಾದೂಗಾರನೊಬ್ಬ, ಆ ಗುಮಾಸ್ತನಿಗೆ ವಿದ್ಯೆ ಬಾರದು, ಅದಕ್ಕೇ ನಗಿಸುತ್ತಾನೆ ಎಂದ. ಮಾತು ಇಸಿದೋರನಿಗೆ ನಾಟಿತು. ಮುಂದಿನ ಹಬ್ಬದಲ್ಲಿ ಅವನು ವೇದಿಕೆ ಇಳಿದು ನೇರವಾಗಿ ಅಲಿಯಬ್ಬನೆದುರು ಕೈ ಚಾಚಿದ. “ಕೊಡು ಬ್ಯಾರಿ.” ಮುಖದಲ್ಲಿ ನಗುವಿರಲಿಲ್ಲ.

ಕತ್ತರಿಸಿದ. ಮಂತ್ರ ಹೇಳಲಿಲ್ಲ. ಬಿಡಿಸಿದಾಗ ಕರವಸ್ತ್ರ ಇಡಿಯಾಗಿತ್ತು.

ನಾಲ್ಕಾರು ಜನ ಚಪ್ಪಾಳೆ ತಟ್ಟಿದರು, ಭಾಷಣ ಮುಗಿದಾಗ ತಟ್ಟುವ ಹಾಗೆ. ಉಳಿದವರು ಇನ್ನೂ ನಗಲು ಕಾಯುತ್ತಿದ್ದರು. ಗೆದ್ದ ಇಸಿದೋರನ ಕಣ್ಣು ಸಭೆಯಲ್ಲಿ ಏನನ್ನೋ ಹುಡುಕುತ್ತಿತ್ತು. ಅಲಿಯಬ್ಬ ತನ್ನ ಕರವಸ್ತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. ಒಂದು ಗೀರೂ ಇಲ್ಲ. ಈಗ ತಾನು ಸುಮ್ಮನಾದರೆ ನಾಳೆಯಿಂದ ಇಸಿದೋರ್ ಹತ್ತರಲ್ಲಿ ಒಬ್ಬ ಜಾದೂಗಾರ, ಅಷ್ಟೆ. ಅಲಿಯಬ್ಬ ಎದ್ದು ನಿಂತ.

“ಇದೆಂತ ಪೊರ್ಬು? ಎಲ್ಲರದ್ದೂ ಹಾಳು ಮಾಡ್ತಿ, ನನ್ನದು ಮಾತ್ರ ಹಾಗೇ ಕೊಡ್ತಿ. ಒಣಮೀನಿನವ ಅಂತ ಅಸಡ್ಡೆಯಾ?”

ಸಭಾಂಗಣದ ಮಾಡು ಹಾರುವಂಥ ನಗು ಎದ್ದಿತು. ಇಸಿದೋರ್ ಅದನ್ನು ನಿಂತು ಕೇಳಿದ. ಆಮೇಲೆ ತಲೆ ಕೆರೆದುಕೊಂಡ.

“ತಪ್ಪಾಯ್ತು ಮಾರಾಯ. ಕೈ ಜಾರಿ ಸರಿಯಾಗಿ ಹೋಯ್ತು.”

ಕರವಸ್ತ್ರವನ್ನು ಮರಳಿ ಪಡೆದು, ಮತ್ತೆ ಕತ್ತರಿ ಎತ್ತಿಕೊಂಡು ನಡುವೆ ಕತ್ತರಿಸಿ, ಅರ್ಧವನ್ನು ಅಲಿಯಬ್ಬನಿಗೆ ಕೊಟ್ಟು, ಇನ್ನರ್ಧವನ್ನು ತನ್ನ ಕೋಟಿನ ಕಿಸೆಗಿಟ್ಟುಕೊಂಡ. ಆಮೇಲೆ ಬದುಕಿದ್ದ ಆರು ವರ್ಷ ಅವನು ಒಂದು ಕರವಸ್ತ್ರವನ್ನೂ ಸರಿ ಮಾಡಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ದಿನ ಹೆಂಡತಿ ರೊಸಾಲಿನ್ ಆ ಕೋಟನ್ನು ಅಲಿಯಬ್ಬನೆದುರು ತಂದಿಟ್ಟಳು. ಕಿಸೆಯಲ್ಲಿ ಅರ್ಧ ಕರವಸ್ತ್ರವಿತ್ತು.

“ತೊಳೆಯಲಿಕ್ಕೂ ಬಿಡ್ತಿರಲಿಲ್ಲ. ನಿಮ್ಮ ತುಂಡು ಉಂಟಾ? ಸೇರಿಸಿ ಹೊಲಿದು ಕೊಡ್ತೇನೆ.”

ಅಲಿಯಬ್ಬ ತನ್ನ ತುಂಡಿನಿಂದಲೇ ಕಣ್ಣೊರೆಸಿಕೊಂಡ.

“ಬೇಡ ಬಾಯಮ್ಮ. ಸರಿ ಮಾಡಲಿಕ್ಕೆ ಅವನಿಗೇ ಬರ್ತಿತ್ತು.”

ಇಸಿದೋರನ ತುಂಡನ್ನು ಇದ್ದ ಮಡಿಕೆಯಲ್ಲೇ ಮಡಚಿ ಕೋಟಿನ ಕಿಸೆಗೆ ಹಾಕಿದ.