ನೀರು ನಿಲ್ಲದ ಊರು

ಐವತ್ತರ ದಶಕದಲ್ಲಿ ಹೊಸ ಯಂತ್ರ ಕಲಿತು ಬಾ ಎಂದು ಕಂಪನಿಯವರು ನನ್ನನ್ನು ಫ್ರಾನ್ಸಿಗೆ ಕಳಿಸಿದ್ದರು. ಎರಡು ದಿನ ರಜೆ ಸಿಕ್ಕಿತು. ಚಿತ್ರದಂತಿದ್ದ ಒಂದು ಗುಡ್ಡದ ಹಳ್ಳಿಗೆ ಹೋದೆ. ಮುಂಬಯಿಯ ನಮ್ಮ ಘಾಟ್ಕೋಪರ್ ಚಾಳಿನಲ್ಲಿ ನಳಕ್ಕೆ ನೀರು ಬರುತ್ತಿದ್ದುದು ನಸುಕಿನ ಅರ್ಧ ತಾಸು ಮಾತ್ರ. ಅದೇ ರೂಢಿಯಲ್ಲಿ ಅಲ್ಲಿಯೂ ನಸುಕಿಗೇ ಎದ್ದು ಕೋಣೆಯ ಹೂಜಿ, ಬೋಗುಣಿ, ಕೊನೆಗೆ ಹೂದಾನಿಯನ್ನೂ ತುಂಬಿಸಿಟ್ಟೆ. ಆ ಹಾಳು ನೀರು ನಿಲ್ಲಲೇ ಇಲ್ಲ. ಈಗ ನಿಂತೀತು, ಆಗ ನಿಂತೀತು ಎಂದು ನಳ ತಿರುಗಿಸಿ ನೋಡುವುದರಲ್ಲೇ ರಜೆ ಮುಗಿಯಿತು.

ಮುಂಬಯಿಗೆ ಮರಳಿ, ಧಾರವಾಡದವಳಾದ ಹೆಂಡತಿಗೆ ನಾನು ಕಾಣದ ದ್ರಾಕ್ಷಿತೋಟ, ಚರ್ಚು, ಕಣಿವೆಗಳನ್ನು ವರ್ಣಿಸಿದೆ. ಎಲ್ಲವನ್ನೂ ನಂಬಿದಳು. ಇಡೀ ದಿನ ನಳದಲ್ಲಿ ನೀರಿತ್ತು ಎಂದಾಗ ಮಾತ್ರ ಸಿಟ್ಟಿಗೆದ್ದಳು:

“ಸಾಕು ಬಿಡ್ರಿ. ಸುಳ್ಳು ಹೇಳಿದ್ರೂ ನಂಬೂಹಂಗ ಹೇಳಬೇಕು!”