ಉಡ ಹೇಳಿದ ಶಕುನ

ಡೆಲ್ಫ್ಟಿಗೆ ಹಿಂದಿರುಗುವ ರೈಲಿನಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಎದುರಿಗೆ ನನ್ನ ಸೋದರತ್ತೆ, ಪಕ್ಕದಲ್ಲಿ ಇಲ್ಲೇ ಪಿಎಚ್‌ಡಿ ಮಾಡುತ್ತಿರುವ ಅವರ ಮಗ ಸುಹಾಸ್. ಇಬ್ಬರಿಗೂ ಮಾತಿಲ್ಲ. ಕಾರಣ ಒಂದು ಉಡ.

ರಾಟರ್‌ಡ್ಯಾಮಿನ ಮೃಗಾಲಯದಲ್ಲಿ ಗಾಜಿನಾಚೆ ಕೊಮೊಡೊ ಉಡ ಮಲಗಿತ್ತು. ಇಂಡೋನೇಷ್ಯಾದ ಒಣ ದ್ವೀಪಗಳ ಪ್ರಾಣಿ, ನಮ್ಮ ಮನೆಯ ಮಂಚಕ್ಕಿಂತ ಉದ್ದ. ಅತ್ತೆಗೆ ಮಾತ್ರ ಬೇರೆಯೇ ಚಿಂತೆ.

"ಈ ವರ್ಷ ನಿನ್ ಮದುವೆ ಆಗೇ ಆಗತ್ತೆ ಕಣೋ" ಎಂದರು ಮಗನಿಗೆ. ಸರಿಯಾಗಿ ಆಗಲೇ ಉಡ ಬುಸ್ಸೆಂದಿತು. ಮನೆಯಲ್ಲಿ ಹಲ್ಲಿ ಲೊಚಗುಟ್ಟಿದಾಗ ಮಾಡುವಂತೆ ಅತ್ತೆ "ಕೃಷ್ಣ ಕೃಷ್ಣ" ಎನ್ನುತ್ತ ಗಾಜನ್ನು ಬೆರಳಿನಿಂದ ಮೂರು ಸಲ ಕುಟ್ಟಿದರು. "ನೋಡ್ದ್ಯಾ? ಇಷ್ಟು ದೊಡ್ಡ ಹಲ್ಲಿ ಸುಳ್ಳು ಹೇಳತ್ತಾ?"

ಉಡ ನೋಡಿಕೊಳ್ಳುವ ಡಚ್ ಹೆಂಗಸು ಓಡಿಬಂದು ಗಾಜು ಕುಟ್ಟಬಾರದೆಂದಳು. ಸುಹಾಸ್ ಶಕುನದ ವಿಷಯ ವಿವರಿಸಿದ. ಈ ದೇಶದಲ್ಲಿ ಯಾರೂ ಮಾತಿಗೆ ಸಕ್ಕರೆ ಬೆರೆಸುವುದಿಲ್ಲ. "ಆದರೆ ಈ ಹೆಣ್ಣು ಉಡ ಗಂಡಿನ ಮುಖವನ್ನೇ ನೋಡಿಲ್ಲ" ಎಂದಳು ಆ ಹೆಂಗಸು ಗಂಭೀರವಾಗಿ. "ಕಳೆದ ವರ್ಷ ಒಬ್ಬಳೇ ಮೊಟ್ಟೆಯಿಟ್ಟು ಮರಿ ಮಾಡಿದಳು."

ಸುಹಾಸ್ ಕುಣಿಯುವುದೊಂದು ಬಾಕಿ. "ಕೇಳಿಸ್ಕೊಂಡ್ಯಾ ಅಮ್ಮ? ಮದುವೆನೇ ಬೇಡ್ವಂತೆ!" ಎಂದು ಉಡದ ಕಡೆಗೆ ತಲೆ ಬಗ್ಗಿಸಿ ಕೈ ಮುಗಿದ.

ಅತ್ತೆ ಉಡವನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. "ಸರಿ, ನೀನೂ ಒಬ್ಬನೇ ಮೊಟ್ಟೆ ಇಟ್ಟು ತೋರ್ಸು. ಅಲ್ಲೀತನಕ ನಾನು ಹುಡುಗಿ ನೋಡ್ತಾನೇ ಇರ್ತೀನಿ."

ಉಡ ಮತ್ತೆ ಬುಸ್ಸೆಂದಿತು. ಆ ಹೆಂಗಸು ಗಾಜಿಗೆ ಅಡ್ಡ ನಿಂತಿದ್ದಳು. ಅತ್ತೆ ಮಗನ ಬಗ್ಗಿದ ತಲೆಯನ್ನೇ ಮೂರು ಸಲ ಕುಟ್ಟಿದರು.